ಶಿವಗಂಗಮ್ಮನವರ ಎರಡನೆಯ ಅಚ್ಚು

ಶಿವಗಂಗಮ್ಮನವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಮಾಗಡಿ ರಸ್ತೆಯ ಒಂದು ಕೊಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷ ಮಣೆಯ ಮುಂದೆ ಬಗ್ಗಿ ಕುಳಿತು ಊದುಬತ್ತಿ ಹೊಸೆದವರ ಮೈ ಹಾಗೆಯೇ ಆಗುತ್ತದೆ. ಬೆನ್ನು ಬಾಗಿತ್ತು, ಅಂಗೈಯ ಗೆರೆಗಳು ಸವೆದಿದ್ದವು. ಗುಬ್ಬಿ ಕಡೆಯ ಲಿಂಗಾಯತರು; ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ರಾಜಾಜಿನಗರದಲ್ಲಿ ನಮ್ಮ ಮನೆಯ ಹಿಂದಿನ ಶೀಟಿನ ಮನೆಯಲ್ಲಿ ಒಬ್ಬರೇ ಇದ್ದರು. ಹೇಗಿದ್ದೀರಿ ಎಂದು ಕೇಳಿದರೆ ‘ಇದೀನಿ’ ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಅವರನ್ನು ಚಕ್ರಪಾಣಿಗೆ ಪರಿಚಯಿಸಿದವಳು ನಾನು. ಅವನು ನನ್ನ ಹಳೆಯ ವಿದ್ಯಾರ್ಥಿ. ತರ್ಕಶಾಸ್ತ್ರದಲ್ಲಿ ಸಾಧಾರಣ, ಶಿಲ್ಪದಲ್ಲಿ ಹಾಗಲ್ಲ. ಕೈಗಾರಿಕಾ ಎಸ್ಟೇಟಿನ ಪಕ್ಕ ಒಂದು ಶೆಡ್ ಹಿಡಿದು, ೧೯೭೫ರಲ್ಲಿ, ದುಡಿದ ಮೈಗಳ ಅಚ್ಚು ತೆಗೆಯಲು ಹೊರಟಿದ್ದ. ಕೆತ್ತುವ ಕೈ ಸುಳ್ಳು ಹೇಳಬಹುದು, ಪ್ಲಾಸ್ಟರ್ ಹೇಳಲಾರದು ಎಂಬುದು ಅವನ ವಾದ.

“ಈ ಮೈ ಯಾರಿಗೆ ಬೇಕಮ್ಮ?” ಎಂದು ಶಿವಗಂಗಮ್ಮ ನನ್ನನ್ನು ಕೇಳಿದರು. ಆದರೂ ಒಪ್ಪಿದರು. ಒಂದು ಮಧ್ಯಾಹ್ನ ಬರೀ ಕುಳಿತುಕೊಳ್ಳುವ ಕೆಲಸ ಅವರಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಅಚ್ಚು ತೆಗೆದದ್ದು ಚಕ್ರಪಾಣಿಯ ಹೆಂಡತಿ ಪಂಕಜಾ, ಬಾಗಿಲು ಹಾಕಿಕೊಂಡು. ಕುತ್ತಿಗೆಯಿಂದ ಸೊಂಟದವರೆಗೆ ತೆಳುವಾದ ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟರಿನಲ್ಲಿ ನೆನೆಸಿದ ಪಟ್ಟಿಗಳನ್ನು ಸುತ್ತಬೇಕು. ಅದು ಗಟ್ಟಿಯಾಗುವ ತನಕ, ಮುಕ್ಕಾಲು ಗಂಟೆ, ಅಲುಗಾಡುವಂತಿಲ್ಲ. ಸುತ್ತುವ ಮೊದಲು ಪಂಕಜಾ, ಶಿವಗಂಗಮ್ಮನವರ ಎದೆಯ ಮೇಲೆ ದಾರಕ್ಕೆ ಕಟ್ಟಿದ್ದ ಬೆಳ್ಳಿಯ ಕರಡಿಗೆಯನ್ನು ತೋರಿಸಿ, “ಇದನ್ನ ತೆಗೆದಿಡ್ತೀರಾ?” ಎಂದಳಂತೆ.

“ಇಷ್ಟಲಿಂಗ ಕಣಮ್ಮ ಅದು. ತೆಗೆಯೋ ಹಾಗಿಲ್ಲ.”

ಪಂಕಜಾ ಕರಡಿಗೆಯ ಮೇಲೆಯೇ ಬಟ್ಟೆ ಹೊದಿಸಿ ಪಟ್ಟಿ ಸುತ್ತಿದಳು.

ಮೂರು ತಿಂಗಳ ಮೇಲೆ, ವಿಜಯನಗರದ ಒಂದು ಸಭಾಭವನದಲ್ಲಿ ಪ್ರದರ್ಶನ ನಿಶ್ಚಯವಾಯಿತು. ಪ್ರದರ್ಶನಕ್ಕೆ ಎರಡು ವಾರ ಮುಂಚೆ ಚಕ್ರಪಾಣಿ ನಮ್ಮಿಬ್ಬರನ್ನೂ ಶೆಡ್ಡಿಗೆ ಕರೆದ. ಬಿಳಿಯ ಮೈಯೊಂದು ಸ್ಟೂಲಿನ ಮೇಲಿತ್ತು. ಇಳಿದ ಭುಜ, ಬಾಗಿದ ಬೆನ್ನು, ಎಲ್ಲವೂ ಯಥಾವತ್ತು. ಎದೆ ಮಾತ್ರ ನುಣ್ಣಗಿತ್ತು.

“ಲಿಂಗ ಎಲ್ಲಿ?” ಎಂದರು ಶಿವಗಂಗಮ್ಮ.

“ಅದನ್ನ ಉಜ್ಜಿ ತೆಗೆದೆ ಕಣಮ್ಮ. ಒಡವೆ, ಜಾತಿ, ಹೆಸರು ಏನೂ ಬೇಡ ಅಂತ. ಬರೀ ಮನುಷ್ಯರ ಮೈ ಕಾಣಬೇಕು. ಇದು ನೀವಲ್ಲ, ಯಾರು ಬೇಕಾದ್ರೂ ಆಗಬಹುದು.”

“ಯಾರು ಬೇಕಾದ್ರೂ ಆಗೋದಾದ್ರೆ ನನ್ನ ಗೂನುಬೆನ್ನು ಯಾಕ್ ಬೇಕಿತ್ತು, ಸಾರ್?”

ಅವನು ನನ್ನ ಮುಖ ನೋಡಿದ. ನಾನು ಅವನ ನೆರವಿಗೆ ಹೋಗಲಿಲ್ಲ.

“ನಮ್ಮೋರು ಸತ್ತಾಗ ಬಳೆ ತೆಗೆದ್ರು, ತಾಳಿ ತೆಗೆದ್ರು. ಕೊಟ್ಟೆ. ಇದು ಹುಟ್ಟಿದಾಗ ಕಟ್ಟಿದ್ದು. ಮಣ್ಣು ಮಾಡುವಾಗಲೂ ಇದನ್ನ ಬಿಡಿಸಲ್ಲ. ನೀವು ಬಿಡಿಸಿಬಿಟ್ರಿ. ಹಿಂಗೆ ನನ್ನನ್ನ ನಾಲ್ಕು ಜನದ ಮುಂದೆ ಇಡಬೇಡಿ.”

“ಸರಿ, ಅದೇ ಜಾಗಕ್ಕೆ ಒಂದು ಉಂಡೆ ಅಂಟಿಸ್ತೀನಿ. ಆಯ್ತಾ?”

“ನೀವು ಅಂಟಿಸಿದ್ದು ನಂದು ಹೆಂಗಾಗುತ್ತೆ?”

ದಾರಕ್ಕೆ ಕಟ್ಟಿದ್ದೆಲ್ಲ ಒಡವೆ ಎಂದುಕೊಂಡದ್ದು ಚಕ್ರಪಾಣಿಯ ತಪ್ಪು. ಪ್ಲಾಸ್ಟರ್ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದವನು ಅದು ಹೇಳಿದ ಒಂದು ಸತ್ಯವನ್ನು ಅರದಿಂದ ಉಜ್ಜಿಹಾಕಿದ್ದ. ಇದನ್ನು ನಾನು ಅವನಿಗೆ ಅಲ್ಲಿಯೇ ಹೇಳಿದೆ. ಎರಕ ಹೊಯ್ದ ಮೇಲೆ ಅಚ್ಚನ್ನು ಒಡೆದೇ ತೆಗೆದಿದ್ದರಿಂದ ಇನ್ನೊಂದು ಪ್ರತಿ ಬರುವಂತಿರಲಿಲ್ಲ. ಆ ಪ್ರದರ್ಶನಕ್ಕೆ ಅವನ ಬಳಿ ಇದ್ದ ಮುಖ್ಯ ಕೃತಿ ಅದೊಂದೇ.

“ಇನ್ನೊಂದ್ಸಲ ಕೂತ್ಕೋತೀನಿ,” ಎಂದರು ಶಿವಗಂಗಮ್ಮ. ಸಂತೋಷದಿಂದಲ್ಲ, ಬೇರೆ ದಾರಿ ಕಾಣದವರ ಹಾಗೆ. “ಇದನ್ನ ಮಾತ್ರ ನನ್ನೆದುರಿಗೇ ಒಡೀರಿ.”

ಅವನು ಸುತ್ತಿಗೆಯನ್ನು ಅವರ ಕೈಗೇ ಕೊಟ್ಟ. ಅವರು ಎತ್ತಲು ನೋಡಿದರು, ಭುಜ ಏಳಲಿಲ್ಲ. ಕೊನೆಗೆ ಅವನೇ ಮೂರು ಏಟು ಹಾಕಿದ. ಪಂಕಜಾ ಚೂರುಗಳನ್ನು ಗೋಣಿಚೀಲಕ್ಕೆ ತುಂಬಿದಳು.

ಎರಡನೆಯ ಸಲ ಕೂತದ್ದು ಎರಡೇ ದಿನದ ಮೇಲೆ, ಚಳಿಯಲ್ಲಿ. ಅರ್ಧ ಗಂಟೆಗೆ ಬಲಭುಜ ಸೆಳೆತ ಹಿಡಿದು ಮೈ ಕಂಪಿಸತೊಡಗಿತು.

“ಬಿಚ್ಚಿಬಿಡ್ಲಾ, ಅಮ್ಮ?” ಎಂದಳು ಪಂಕಜಾ.

“ಮುಗಿಸೇ ತಾಯಿ. ಮೂರನೇ ಸಲ ನನ್ನ ಕೈಲಾಗಲ್ಲ.”

ಪಟ್ಟಿ ಬಿಚ್ಚಿದ ಮೇಲೆ ಬಹಳ ಹೊತ್ತು ಕೈ ಎತ್ತಲಾಗಲಿಲ್ಲ. ಆ ವಾರ ಹೊಸೆಯಲು ಹೋಗಲಿಲ್ಲ.

ಈ ಎರಕದಲ್ಲಿ ಭುಜ ಇನ್ನಷ್ಟು ಇಳಿದಿತ್ತು. ಎದೆಯ ನಡುವೆ, ಬಟ್ಟೆಯ ನೆರಿಗೆಯ ಕೆಳಗೆ, ನಿಂಬೆಹಣ್ಣಿನಷ್ಟು ಗಾತ್ರದ ಉಬ್ಬು. ಚಕ್ರಪಾಣಿ ಅದಕ್ಕೆ ಅರ ಮುಟ್ಟಿಸಲಿಲ್ಲ. ‘ಹೆಸರಿಲ್ಲದ ಮೈ’ ಎಂದು ಬರೆಸಿಟ್ಟಿದ್ದ ಚೀಟಿಯನ್ನು ತಾನಾಗಿಯೇ ಹರಿದು ‘ಶಿವಗಂಗಮ್ಮ’ ಎಂದು ಬರೆದ.

ಪ್ರದರ್ಶನದ ದಿನ ಜನ ಬಂದಿದ್ದರು. ಕಾಲೇಜಿನವರು ದೇಹ, ಅಸ್ತಿತ್ವ ಎಂದೆಲ್ಲ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಶಿವಗಂಗಮ್ಮ ಸೆರಗು ಹೊದ್ದು ನನ್ನ ಜೊತೆ ಒಳಗೆ ಬಂದರು. ತಮ್ಮ ಮೈಯ ಮುಂದೆ ನಿಂತು ಎದೆಯ ಭಾಗವನ್ನು ಒಮ್ಮೆ, ಚೀಟಿಯನ್ನು ಒಮ್ಮೆ ನೋಡಿದರು. ಚೀಟಿಯಲ್ಲಿರುವುದನ್ನು ನಾನು ಓದಿ ಹೇಳಿದೆ.

“ಸರಿಯಾಗಿದೆ,” ಎಂದರು.

ಅವರು ಇನ್ನೇನಾದರೂ ಹೇಳುತ್ತಾರೇನೋ ಎಂದು ಚಕ್ರಪಾಣಿ ಕಾದು ನಿಂತಿದ್ದ. ಅವರು ಗೋಡೆಯುದ್ದಕ್ಕೂ ಕಣ್ಣಾಡಿಸಿ ಕೇಳಿದರು:

“ಕೂತ್ಕೊಳ್ಳೋಕೆ ಏನಾದ್ರೂ ಇದೆಯಾ, ಸಾರ್?”