ಔಟ್‌ಪಾಸ್ ಪುಸ್ತಕ

ಗಾಂಧಿನಗರದ ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಗೆ ಗೆರೆ ಹಾಕಿದ ಪುಸ್ತಕವೊಂದು ತೂಗುತ್ತದೆ, ಅದಕ್ಕೊಂದು ಪೆನ್ನು ದಾರದಿಂದ ಕಟ್ಟಿದೆ. ಹೆಸರು, ಎಲ್ಲಿಗೆ, ಹೋದ ಹೊತ್ತು, ಬಂದ ಹೊತ್ತು. ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನನ್ನ ಮಾವ ಇದನ್ನು ಔಟ್‌ಪಾಸ್ ಎನ್ನುತ್ತಾರೆ. ತರಕಾರಿ ತರಲು ಹೋದರೂ ಬರೆದೇ ಹೋಗಬೇಕು. ಬರುವುದು ಸ್ವಲ್ಪ ತಡವಾದರೆ ಕೋಲು ಹಿಡಿದು ಹುಡುಕಲು ಹೊರಡುತ್ತಿದ್ದರು. ಹಾಗೆ ಹೊರಟೇ ಒಮ್ಮೆ ಮುಂದಿನ ಮೆಟ್ಟಿಲ ಮೇಲೆ ಬಿದ್ದು ಸೊಂಟ ಮುರಿದುಕೊಂಡರು.

ಆಮೇಲೆ ನಾಲ್ಕು ವರ್ಷ ನಾನು ಗಾಣದ ಎತ್ತು. ಸ್ನಾನ, ಅಂಗಿ, ಊಟ, ಮಾತ್ರೆ, ಎಲ್ಲ ನನ್ನ ಕೈಯಿಂದಲೇ. ಯಜಮಾನರು ಬೆಳಿಗ್ಗೆ ಸಿರುಗುಪ್ಪದ ಅಕ್ಕಿ ಗಿರಣಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವರು. ಕುರುಗೋಡಿನ ನಾದಿನಿ ಫೋನಿನಲ್ಲಿ, 'ಅತ್ತಿಗಿ, ನೀವು ಅದೀರಿ ಅಂತ ಅಪ್ಪನ ಚಿಂತಿ ನನಗಿಲ್ಲ' ಎನ್ನುತ್ತಿದ್ದಳು. ಆ ಹೊಗಳಿಕೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವರ್ಷ ರಾರಾವಿಯಲ್ಲಿ ನನ್ನ ಅವ್ವನ ಕಣ್ಣಿನ ಆಪರೇಷನ್ ಆಯಿತು. ಎರಡು ದಿನ ಬಂದು ಹೋಗು ಎಂದಳು. ನನಗೆ ಎರಡು ತಾಸೂ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತು ಅಳುವುದೊಂದು ಬಿಟ್ಟು ಏನೂ ತೋಚಲಿಲ್ಲ.

ಅದೇ ವಾರ, ಮಾಜಿ ಸೈನಿಕರ ಮನೆಗಳಿಗೆ ಹೋಗಿ ಆರೈಕೆ ಹೇಳಿಕೊಡುವ ಹೆಂಗಸೊಬ್ಬಳು ಬಂದಳು. ಬಚ್ಚಲಿಗೆ ಹಿಡಿಕೆ ಹಾಕಿಸಲು ಹೇಳಿದಳು. ನಾನು ಮಾವನ ಅಂಗಿಯ ಗುಂಡಿ ಹಾಕುತ್ತಿದ್ದುದನ್ನು ನೋಡಿ, 'ಅಕ್ಕಾರ, ಸ್ವಲ್ಪ ಕೈ ಕಟ್ಟಿಕೊಂಡು ಕುಂದರ್ರಿ' ಎಂದಳು.

ಐದು ಗುಂಡಿ ತಾವೇ ಹಾಕಿಕೊಳ್ಳಲು ಮಾವ ಕಾಲು ಗಂಟೆ ತೆಗೆದುಕೊಂಡರು. ಮೂರನೆಯದು ತಪ್ಪು ಕಾಜಕ್ಕೆ ಹೋಯಿತು, ಬಿಚ್ಚಿ ಮತ್ತೆ ಹಾಕಿದರು. ನನ್ನ ಕೈ ಸುಮ್ಮನಿರಲಾರದೆ ಚಡಪಡಿಸುತ್ತಿತ್ತು.

'ಮಾವಾರ, ಇದು ಬರ್ತೈತಿ ಅಂತ ಯಾಕ ಹೇಳಲಿಲ್ರಿ?'

'ನೀ ಯಾವಾಗ ಕೇಳಿದಿ? ನಿನಗ ಅವಸರ ಇತ್ತವಾ.'

ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಇಂದಿಗೂ ತಿಳಿದಿಲ್ಲ. ಅವಸರ ಮಾಡಿ ಉಳಿಸಿದ ಹೊತ್ತಿನಲ್ಲಿ ನಾನು ಎಲ್ಲಿಗೂ ಹೋಗಿರಲಿಲ್ಲ, ಅದೇ ಮನೆಯಲ್ಲಿದ್ದೆ.

ನಾದಿನಿಗೆ ನಾನೇ ಫೋನ್ ಮಾಡಿದೆ. 'ಎರಡು ದಿನ ಬಂದಿರು. ಏನೂ ಮಾಡಬ್ಯಾಡ, ನೋಡ್ಕೊಂತ ಕುಂತರ ಸಾಕು.' ಬಂದಳು, ಮುಖ ಸಣ್ಣದು ಮಾಡಿಕೊಂಡೇ.

ಅವ್ವನ ಹತ್ತಿರ ಹೊರಡುವ ಮುಂಜಾನೆ ಪುಸ್ತಕ ತೆಗೆದೆ. ಮಾವನ ಕೈಬರಹ ಕಂಡು ಎಷ್ಟು ದಿನವಾಯಿತೆಂದು ಹಾಳೆಗಳನ್ನು ಹಿಂದಕ್ಕೆ ತಿರುವಿದೆ. ನಾಲ್ಕು ವರ್ಷವೂ ಬಹುಪಾಲು ನನ್ನದೇ ಹೆಸರು: ತರಕಾರಿ, ಔಷಧಿ ಅಂಗಡಿ, ಹಿಟ್ಟಿನ ಗಿರಣಿ. ಮಾವನ ಹೆಸರು ಒಮ್ಮೆಯೂ ಇಲ್ಲ. ನಾನೊಬ್ಬಳೇ ಸಿಕ್ಕಿಬಿದ್ದಿದ್ದೇನೆ ಎಂದುಕೊಂಡಿದ್ದವಳು ನಾನು. ಅವರ ಕೊನೆಯ ಸಾಲು, ಅವರು ಮೆಟ್ಟಿಲ ಮೇಲೆ ಬಿದ್ದ ದಿನದ್ದು. 'ಸೊಸಿ ಬಂದಿಲ್ಲ, ನೋಡಾಕ' ಎಂದು ಬರೆದಿದ್ದರು. ಬಂದ ಹೊತ್ತಿನ ಜಾಗ ಖಾಲಿ ಇತ್ತು.

ನನ್ನ ಸಾಲು ಬರೆದು ಪೆನ್ನನ್ನು ಅವರ ಕೈಗೆ ಕೊಟ್ಟೆ. 'ಗೇಟಿನ ತನಕ' ಎಂದು ಬರೆದರು. ಕೋಲೂರಿ ಅದೇ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು. ಹಿಡಿಯಲು ಹೋಗಬಾರದೆಂದು ನಾನು ಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡಿದ್ದೆ. ಬಸ್ಸಿನ ಹೊತ್ತು ಮೀರಿತು.

ಗೇಟು ಮುಟ್ಟಿ ತಿರುಗಿ ನಿಂತರು.

'ಟೈಮ್ ಎಷ್ಟಾತವಾ? ಒಳಗ ಹೋಗಿ, ಬಂದ ಹೊತ್ತು ಬರೀಬೇಕು.'