ಅತ್ತೆಯ ಅಡುಗೆಮನೆಯಲ್ಲಿ ಆಸ್ತಿ ಕಾನೂನು

ಕಾನೂನು ಓದಿದ ಐದೂ ವರ್ಷ ನಾನು ಏಕಸಂಬಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ನಮ್ಮದು ಕಾಗವಾಡ, ಅಲ್ಲಿಂದ ಚಿಕ್ಕೋಡಿಯ ಕಾಲೇಜಿಗೆ ದಿನಾ ಓಡಾಡುವುದು ಆಗದ ಮಾತು. ಕಬ್ಬಿನ ಹಂಗಾಮಿನಲ್ಲಿ ಏಕಸಂಬಿಯಿಂದ ಹೊರಟ ಬಸ್ಸೂ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ಬೆಳಗಿನ ಮೊದಲ ತರಗತಿಯ ಮೇಷ್ಟ್ರಿಗೆ ನನ್ನ ಮುಖದ ಪರಿಚಯವೇ ಇರಲಿಲ್ಲ.

ಪಾಠವೆಲ್ಲ ಇಂಗ್ಲಿಷಿನಲ್ಲಿ. ನನಗೋ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿಕೊಳ್ಳದಿದ್ದರೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಹೀಗಾಗಿ ಸಂಜೆ ಅತ್ತೆ ರೊಟ್ಟಿ ಬಡಿಯುವಾಗ ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ವಾದ ಮಂಡಿಸುತ್ತಿದ್ದೆ. ಅವಳಿಗೆ ಕೊಲೆ ಪ್ರಕರಣಗಳೆಂದರೆ ಬಲು ಇಷ್ಟ. ಒಪ್ಪಂದದ ಕಾನೂನು ತೆಗೆದರೆ, "ಇದು ಬ್ಯಾಡ ಬಿಡ, ನಿದ್ದಿ ಬರ್ತೈತಿ" ಅನ್ನುತ್ತಿದ್ದಳು.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ ಎಂದು ಒದರಿದ ದಿನ ಮಾತ್ರ ಅವಳ ಕೈ ನಿಂತಿತು.

"ಲಗ್ನ ಆದಾಕಿಗೂ?"

"ಆದಾಕಿಗೂ."

"ನನ್ನಂಥ ವಯಸ್ಸಾದಾಕಿಗೂ?"

"ಹೂಂ ಅತ್ತಿ, ನಿನಗೂ ಐತಿ."

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅದನ್ನು ನನ್ನ ತಾಟಿಗೇ ಹಾಕಿದಳು.

ಕೊನೆಯ ವರ್ಷದ ಪರೀಕ್ಷೆ ಹತ್ತಿರವಿದ್ದಾಗ ಅಪ್ಪ ಒಂದು ಹೊಸ ಸೀರೆ ಹಿಡಿದುಕೊಂಡು ಬಂದ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ಕಡೆ ಅಕ್ಕತಂಗಿಯರಿಗೆ ಸೀರೆ ಉಡಿಸಿ, ಹೊಲದ ಹಕ್ಕು ಬಿಟ್ಟೆನೆಂಬ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ರೂಢಿಯೇ ಆಗಿದೆ. ಸಹಿ ಹಾಕಿದವಳನ್ನು ಪಂಚಮಿಗೆ ಕರೆಯಲು ಅಣ್ಣತಮ್ಮಂದಿರು ತಪ್ಪದೆ ಬರುತ್ತಾರೆ. ಹಾಕದವಳಿಗೆ ತವರು ಅಲ್ಲಿಗೆ ಮುಗಿಯಿತು.

"ಅಕ್ಕಾ, ನಾಳೆ ಅಥಣಿ ಕಚೇರಿಗೆ ಹೋಗಿ ಒಂದ ಸಹಿ ಹಾಕಿ ಬರೂಣು. ಹಿರ್ಯಾರ ದ್ರಾಕ್ಷಿ ತೋಟ ನನ್ನ ಹೆಸರಿಗೆ ಆಗ್ಬೇಕಾಗೈತಿ" ಎಂದ ಅಪ್ಪ.

ಅತ್ತೆ ಸೀರೆಯ ಸೆರಗು ಸವರಿ, ಬಣ್ಣ ಚಲೋ ಐತಿ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ರೊಟ್ಟಿ ಕರಕಾದ ದಿನ ಏನ ಓದಿದ್ದಿ ನೋಡ, ಅದನ್ನ ನಿಮ್ಮಪ್ಪಗ ಹೇಳ."

ಕಾಲೇಜಿನ ಅಣಕು ನ್ಯಾಯಾಲಯದಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವುದೆಂದರೆ ನನಗೆ ಹಬ್ಬ. ಇಲ್ಲಿ ಎದುರು ಕೂತವನು ಅಪ್ಪ. ಅಪ್ಪ ಒಂದು ಮಾತು ಹೇಳಿದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು. ಆದರೂ ಹೇಳಿದೆ. ಹೆದರಿಕೆಗೆ ಇನ್ನಷ್ಟು ಜೋರಾಗಿಯೇ ಹೇಳಿದೆನೋ ಏನೋ.

"ಇದಕ್ಕ ಕಾಲೇಜಿಗೆ ಕಳಿಸಿದ್ನೇನ ನಿನ್ನ?" ಅಪ್ಪನ ಮುಖ ಕೆಂಪಾಗಿತ್ತು.

"ಆಕಿ ಮ್ಯಾಲ ಸಿಟ್ಟಾಗಬ್ಯಾಡ ತಮ್ಮಾ," ಅತ್ತೆ ಸೀರೆಯನ್ನು ಮಡಚಿ ಅವನ ಪಕ್ಕದಲ್ಲಿಟ್ಟಳು. "ಇಷ್ಟ ವರ್ಷ ನಿನ್ನ ಮನಿಗೆ ಬಂದ ಹೋಗೀನಿ. ಒಮ್ಮೆರೆ ನನ್ನ ಹೊಲಕ್ಕ ಬರ್ತೀನಿ."

ಅಪ್ಪನ ಚಹಾ ಕೆನೆಗಟ್ಟಿತು. ಅವನು ಅಕ್ಕನನ್ನು ಬಿಟ್ಟು ನನ್ನನ್ನೇ ದಿಟ್ಟಿಸಿ ಕೇಳಿದ: "ನಾಳೆ ನಿನ್ನ ತಮ್ಮನ ಕೂಡನೂ ಹಿಂಗ ಪಾಲ ಕೇಳ್ತಿಯೇನ?"

ತಮ್ಮನೆಂದರೆ ನನಗೆ ಜೀವ. ಎತ್ತಿ ಆಡಿಸಿದವಳು ನಾನೇ. ಇಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಆದರೆ ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದಳು.

"ಕೇಳ್ತೀನಿ ಅಪ್ಪಾ."

ಅವನು ಎದ್ದು ಟೋಪಿ ಹಾಕಿಕೊಂಡ. ನಾನು ಪುಸ್ತಕ, ಬಟ್ಟೆ ಎಲ್ಲ ಗಂಟು ಕಟ್ಟುವುದನ್ನು ಮನಸ್ಸಿನಲ್ಲೇ ಶುರು ಮಾಡಿದ್ದೆ. ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಹಿಂತಿರುಗಿ ನೋಡದೆ ಹೇಳಿದ:

"ನಿನ್ನ ಪರೀಕ್ಷಾ ಮುಗೀಲಿ. ಆಮ್ಯಾಲ ನಾವು ಮೂರೂ ಮಂದಿ ಕುಂತ ಮಾತಾಡೂಣು."

ಅಪ್ಪ, ಅತ್ತೆ, ಮೂರನೆಯವಳು ನಾನು ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ, ಅತ್ತೆಯ ಎದುರೇ ಅತ್ತುಬಿಟ್ಟೆ.