ದೇವರ ಗೂಡಿನ ಕೊಳವೆ

ನಿನ್ನ ಕಿವಿ ಹೋಗಿದ್ದು ನನ್ನಿಂದ, ಗೌರಿ. ಅಮ್ಮನ ಕಡೆಯಿಂದ ಬಂದದ್ದಲ್ಲ — ಅಮ್ಮನಿಂದ ಬಂದದ್ದೆಂದು ಊರಿಗೆಲ್ಲ ಸುಳ್ಳು ಹೇಳಿದವನೂ ನಾನೇ.

ಅರಸೀಕೆರೆಯ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನೀನು ಒಣಗಿಸುವ ಕೋಣೆಗೆ ಸೇರಿದಾಗ ನಾನು ಅಲ್ಲೇ ಪೈಪು ಕೆಲಸದವನು. ಏಳನೇ ಕ್ಲಾಸು, ಉಳಿದದ್ದನ್ನು ಸ್ಪ್ಯಾನರ್ ಕಲಿಸಿತ್ತು. ನಿನ್ನ ತಲೆಯ ಮೇಲೆ ಹಬೆಯ ವಾಲ್ವ್ ಇತ್ತಲ್ಲ, ಅದರ ಬಾಯಿಗೆ ಗೇಣುದ್ದದ ಉಕ್ಕಿನ ಕೊಳವೆ ಕೂರಿಸಿದ್ದರು, ಮೈತುಂಬ ಸಣ್ಣ ತೂತು. ಹಬೆ ಒಟ್ಟಿಗೇ ನುಗ್ಗಿದರೆ ಚೀರುತ್ತದೆ, ಎಳೆಎಳೆಯಾಗಿ ಹಂಚಿಹೋದರೆ ಸದ್ದು ಅಡಗುತ್ತದೆ. ಕೂರಿಸಲು ಬಂದವರು ನನಗೇ ಹೇಳಿಕೊಟ್ಟಿದ್ದರು. ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಪೈಪಿನ ತುಕ್ಕು ಬಂದು ತೂತು ಕಟ್ಟಿಕೊಳ್ಳುತ್ತಿತ್ತು. ಪ್ರತಿ ಸೋಮವಾರ ಬಿಚ್ಚಿ, ಒಂದೊಂದಕ್ಕೂ ತಂತಿ ತೂರಿಸಿ... ಬೇಸರವಾಯಿತು. ಒಂದು ಸೋಮವಾರ ಬಿಚ್ಚಿದ್ದನ್ನು ಮತ್ತೆ ಹಾಕಲಿಲ್ಲ. ಪುಸ್ತಕದಲ್ಲಿ ‘ಶುಚಿ ಮಾಡಿದೆ’ ಎಂದು ಬರೆದು, ಕೊಳವೆಯನ್ನು ಚೀಲದಲ್ಲಿ ಮನೆಗೆ ತಂದೆ.

ಮರುದಿನ ನೀನು ಕಿವಿ ಮುಚ್ಚಿಕೊಂಡು ಬಂದೆ. “ಆ ಪೈಪು ಹಂದಿ ಕೊಯ್ದಂಗೆ ಕಿರುಚ್ತೈತೆ ಕಣಣ್ಣಾ, ಒಸಿ ನೋಡು.”

“ಹಬೆ ಕೂಗದೆ ಜೋಗುಳ ಹಾಡ್ತೈತಾ? ಹತ್ತಿ ಇಟ್ಕೊ ಹೋಗೇ, ಮಹಾರಾಣಿ.”

ಎಲ್ಲರೂ ನಕ್ಕರು. ನೀನೂ ನಕ್ಕೆ — ಅಣ್ಣ ಹೇಳಿದ ಮೇಲೆ ಸರಿಯಿರಬೇಕು ಎಂದು.

ನಾಲ್ಕು ವರ್ಷ ನೀನು ಹತ್ತಿ ಇಟ್ಟುಕೊಂಡೆ. ಮೊದಲು ಕುಕ್ಕರಿನ ವಿಷಲ್ ಹೋಯಿತು, ಆಮೇಲೆ ಫೋನು. ಮಿಷನ್ನಿನ ಬೆಲ್ಲೂ ಕೇಳದಾದಾಗ ಕೆಲಸದಿಂದ ಬಿಡಿಸಿದರು. ಜಾವಗಲ್ ಬಸ್ಸಿನಲ್ಲಿ ಕಂಡಕ್ಟರ್ “ಏನಮ್ಮಾ, ಕಿವುಡಾ?” ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಕಿಟಕಿಯ ಕಡೆ ತಿರುಗಿದೆ.

ಆ ಕೊಳವೆಯನ್ನು ನೀನು ಬಲ್ಲೆ. ದಿನಾ ಬೆಳಿಗ್ಗೆ ದೇವರ ಗೂಡಿನಲ್ಲಿ ಊದುಬತ್ತಿ ಸಿಕ್ಕಿಸುತ್ತೀಯಲ್ಲ — ಅದೇ. “ಎಲ್ಲಿ ತಂದೆ ಅಣ್ಣಾ, ಚೆಂದಾಗೈತೆ” ಎಂದಿದ್ದೆ. ನಾನು ಕೈಮುಗಿಯುವವನಂತೆ ಕಣ್ಣು ಮುಚ್ಚಿದ್ದೆ.

ನಿನ್ನ ಜಾಗದಲ್ಲಿ ಈಗ ಇನ್ನೊಬ್ಬಳಿದ್ದಾಳೆ. ನಿನ್ನೆ ಅವಳ ಕಿವಿಯಲ್ಲೂ ಹತ್ತಿ ಕಂಡೆ.

ಇಂದು ಕೊಳವೆಯ ಬೂದಿ ಕೊಡವಿ, ತೂತುಗಳಿಗೆಲ್ಲ ತಂತಿ ತೂರಿಸಿದ್ದೇನೆ. ಮ್ಯಾನೇಜರರ ಮೇಜಿನ ಮೇಲಿಟ್ಟು, ಎಲ್ಲ ಹೇಳಿಯೇ ಕೂರಿಸುತ್ತೇನೆ. ಕೆಲಸ ಹೋದರೆ ಹೋಗಲಿ. ನಿನ್ನ ಕಿವಿ ಮಾತ್ರ ಬಾರದು.

ಬಾಯಲ್ಲೇ ಹೇಳಬೇಕೆಂದು ಮೂರು ಸಲ ನಿನ್ನ ಬಳಿ ಕೂತೆ. ಇಂಥದ್ದನ್ನು ಮೆಲ್ಲಗೇ ಹೇಳಬೇಕು... ಮೆಲ್ಲಗೆ ಹೇಳಿದರೆ ನಿನಗೆ ಕೇಳುವುದಿಲ್ಲ. ಅದಕ್ಕೇ ಬರೆದು, ಗೂಡಿನಲ್ಲಿ ಕೊಳವೆ ಇದ್ದ ಜಾಗದಲ್ಲಿ ಇಟ್ಟಿದ್ದೇನೆ.